ಮಲಕವ್ವ ಕಸಿದ ಕುರ್ಚಿ

ಅನುಸೂಯಾ ಬಡಿದ ರೊಟ್ಟಿ ಹಂಚಿಗೆ ಹಾಕುವಾಗಲೇ ಹರಿಯಿತು. ಓಣಿಯ ಹೆಂಗಸರೆಲ್ಲ ಕೈ ನಿಲ್ಲಿಸಿದರು. ಇಪ್ಪತ್ತು ವರ್ಷ ಪುಣೆಯಲ್ಲಿ ನರ್ಸಾಗಿದ್ದು ಬೇಡಕಿಹಾಳಕ್ಕೆ ಮರಳಿದವಳಿಗೆ ಎಂಟು ದಿನದಿಂದ ಎಲ್ಲರ ಮನೆಯಲ್ಲೂ ಕುರ್ಚಿ, ಚಹಾ, ಮರ್ಯಾದೆ. ತನ್ನೂರಿನಲ್ಲೇ ಬೀಗರಂತೆ ಉಳಿದುಬಿಡುವೆನೇ ಎಂಬ ಅಳುಕಿನಿಂದಲೇ ಇಂದು ಮದುವೆಮನೆಯ ರೊಟ್ಟಿ ಬಡಿಯಲು ಕರೆಯದಿದ್ದರೂ ಬಂದು ನೆಲಕ್ಕೆ ಕೂತಿದ್ದಳು.

“ಬಿಡ್ರಿ ಸಿಸ್ಟರ್, ನೀವು ಆರಾಮ ಕುಂಡ್ರರಿ,” ಎಂದು ಆ ಮನೆಯ ಸೊಸೆ ಭಾಗ್ಯಾ ಕುರ್ಚಿ ತಂದಿಟ್ಟಳು.

ಹಿರಿಯಳಾದ ಮಲಕವ್ವ ಹರಿದ ರೊಟ್ಟಿಯನ್ನು ಎತ್ತಿ ನೋಡಿದಳು. “ಹಿಟ್ಟ ನಾದೇ ಇಲ್ಲಲ್ಲ ಬೇ! ನಿಮ್ಮವ್ವ ಇದ್ದಿದ್ರ ಬೆನ್ನ ಮ್ಯಾಲ ಬಡೀತಿದ್ಲು.” ಕುರ್ಚಿಯನ್ನು ತನ್ನತ್ತ ಎಳೆದು ಅದರ ಮೇಲೆ ರೊಟ್ಟಿ ಬುಟ್ಟಿ ಇಟ್ಟಳು. “ಇನ್ನ ಐವತ್ತ ಬಡಿ. ಆಮ್ಯಾಲ ಚಹಾ.”

ಎಲ್ಲರೂ ಗೊಳ್ಳೆಂದು ನಕ್ಕರು. ಅನುಸೂಯಾ ಬಳೆ ಮೇಲೇರಿಸಿ, ನಗುತ್ತಲೇ ಹಿಟ್ಟು ನಾದತೊಡಗಿದಳು.