ಅತ್ತೆಯ ರಿಮೋಟ್

ಅತ್ತೆಗೆ ಗೊತ್ತಾಗಿಬಿಟ್ಟಿದೆ.

ಹೇಗೆ ಗೊತ್ತಾಯಿತು ಅನ್ನುವುದು ಮಾತ್ರ ಸೊಸೆಗೆ ಬಗೆಹರಿಯಲಿಲ್ಲ. ಆಗ ತಾನೇ ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದಳು. ಟಿವಿ ಎದುರಿನ ಕುರ್ಚಿಯಿಂದ ಮುದುಕಿ ತಿರುಗಿಯೂ ನೋಡದೆ ಹೇಳಿದಳು: "ನಾನೇನು ಕುರುಡಿ ಅಲ್ಲ ಕಣೆ. ನನಗೆಲ್ಲಾ ಕಾಣ್ತಾ ಇದೆ. ಹುಷಾರು."

"ಏನು ಕಾಣ್ತಾ ಇದೆ ಅತ್ತೆ?"

"ಏನಿಲ್ಲ. ಫೋನಲ್ಲಿ ಏನೇನೋ ತುಂಬ್ಕೋಬೇಡ." ಅಷ್ಟು ಹೇಳಿ ರಿಮೋಟ್ ಒತ್ತಿ ಸೀರಿಯಲ್ಲಿನ ಸದ್ದು ಏರಿಸಿದಳು.

ಮೂರು ತಿಂಗಳಿಂದ ಸೊಸೆಯ ತಲೆಯಲ್ಲಿದ್ದುದು ಒಂದೇ. ಆರು ವರ್ಷದ ಪುಟ್ಟಿಯನ್ನು ಕರೆದುಕೊಂಡು ಈ ಮನೆಯಿಂದ ಪಾರಾಗಬೇಕು. ಗಂಡನಿಗೆ ಬಾಯಿಗಿಂತ ಕೈಯೇ ಮುಂದು. ಈಚೆಗೆ ಅದು ಪುಟ್ಟಿಯ ಮೇಲೂ ಎದ್ದಿತ್ತು. ಒಂದು ಸಲ ಎದ್ದದ್ದೇ ಸಾಕಾಗಿತ್ತು.

ಗುಟ್ಟು ಕಾಯುವುದು ಅವಳಿಗೇನು ಹೊಸದೇ? ರಕ್ತಪರೀಕ್ಷೆಯ ಲ್ಯಾಬಿನಲ್ಲಿ ದಿನವಿಡೀ ಮಾಡುತ್ತಿದ್ದುದೇ ಅದನ್ನು. ಸೀಸೆಯ ಮೇಲೆ ಹೆಸರಿಲ್ಲ, ನಂಬರಷ್ಟೇ. ರಿಪೋರ್ಟನ್ನು ಲಕೋಟೆಗೆ ಹಾಕಿ, ಬಾಯಿ ಅಂಟಿಸಿ, ಯಾರದೋ ಅವರ ಕೈಗೇ ಕೊಡಬೇಕು. "ನಮ್ಮಣ್ಣಂದು, ಕೊಡಮ್ಮ, ನಾನೇ ತಗೊಂಡು ಹೋಗ್ತೀನಿ" ಎಂದು ಬಂದವರನ್ನೆಲ್ಲ ಬರಿಗೈಯಲ್ಲಿ ಅಟ್ಟಿದ ಗಟ್ಟಿಗಿತ್ತಿ ಅವಳು.

ಮನೆಯಲ್ಲೂ ಅದೇ ಶಿಸ್ತು. ಗಂಡ ಬಂದವನೇ "ಫೋನ್ ತಾ" ಎಂದು ಕೈ ಚಾಚುತ್ತಿದ್ದ. ಕರೆ, ಮೆಸೇಜು, ಗ್ಯಾಲರಿ ಎಲ್ಲವನ್ನೂ ಕೆದಕುತ್ತಿದ್ದ. ಅದಕ್ಕೇ ಅವಳು ಬೇಕಾದದ್ದನ್ನೆಲ್ಲ ಫೋಟೊ ತೆಗೆದು, ಅದು ಇಂಟರ್ನೆಟ್ಟಿನಲ್ಲಿದ್ದ ತನ್ನ ಖಾತೆಗೆ ಹೋಗಿ ಸೇರಿದ ಮೇಲೆ ಫೋನಿನಿಂದ ಅಳಿಸಿಬಿಡುತ್ತಿದ್ದಳು. ಪುಟ್ಟಿಯ ಜನನ ಪ್ರಮಾಣಪತ್ರ, ತನ್ನ ತೋಳಿನ ಬಾಸುಂಡೆ, ಬೇರೆ ಊರಲ್ಲಿ ನೋಡಿ ಬಂದ ಕೋಣೆ, ಬಸ್ಸಿನ ವೇಳಾಪಟ್ಟಿ. ಗಂಡನ ಕೈಗೆ ಸಿಗುತ್ತಿದ್ದ ಫೋನು ತೊಳೆದಿಟ್ಟ ತಟ್ಟೆಯ ಹಾಗೆ ಖಾಲಿ. ಪಾಸ್‌ವರ್ಡಂತೂ ಅವಳಿಗೊಬ್ಬಳಿಗೇ ಗೊತ್ತು. ವರ್ಷದ ಹಿಂದೆ ಹೊಸ ಟಿವಿ ಕೂರಿಸಲು ಬಂದವನು ಮೇಲ್, ಪಾಸ್‌ವರ್ಡ್ ಕೇಳಿದಾಗಲೂ ಕೈ ಅಡ್ಡ ಹಿಡಿದು ತಾನೇ ಒತ್ತಿದ್ದಳು, ಅವನಿಗೆ ತೋರಿಸಿರಲಿಲ್ಲ.

ಆ ಟಿವಿ ಮೊದಮೊದಲು ಏನೂ ಹಾಕದೆ ಸುಮ್ಮನಿದ್ದಾಗ ಪುಟ್ಟಿಯ ಹುಟ್ಟುಹಬ್ಬದ ಫೋಟೊ ತೋರಿಸಿ ಮನೆಮಂದಿಯನ್ನೆಲ್ಲ ನಗಿಸಿತ್ತು. ಈಗ ಅದಕ್ಕೆ ಸುಮ್ಮನಿರಲು ಅತ್ತೆ ಬಿಟ್ಟರೆ ತಾನೇ! ಸೀರಿಯಲ್ ಮುಗಿದರೆ ವಾರ್ತೆ, ವಾರ್ತೆ ಮುಗಿದರೆ ಇನ್ನೊಂದು ಸೀರಿಯಲ್. ಮಗನ ಗಾಡಿಯ ಸದ್ದು ಕೇಳಿದ್ದೇ ತಡ, ಟಿವಿ ಆಫ್. ಸ್ನಾನಕ್ಕೆ ಹೋದರೂ ಸ್ವಿಚ್ ಆರಿಸಿ ರಿಮೋಟನ್ನು ಜೊತೆಗೇ ಒಯ್ಯುತ್ತಿದ್ದಳು. ಅಡುಗೆಮನೆಯಿಂದ ಸೊಸೆಗೆ ಕಾಣುತ್ತಿದ್ದುದು ಟಿವಿಯ ಬೆನ್ನು, ಅದರಾಚೆ ರೆಪ್ಪೆ ಬಡಿಯದೆ ಕೂತ ಮುದುಕಿಯ ಮುಖ. ಮಗನಿಗೆ ಚಾಡಿ ಹೇಳಲು ಮನೆ ನಿಶ್ಶಬ್ದವಾಗಿರಬೇಕಲ್ಲ, ಅದಕ್ಕೇ ಆರಿಸುತ್ತಾಳೆ ಎಂದುಕೊಂಡಳು ಸೊಸೆ.

ಒಂದು ಭಾನುವಾರ ಗಂಡನಿಗೆ ಮ್ಯಾಚ್ ನೋಡಬೇಕಿತ್ತು.

"ರಿಮೋಟ್ ಎಲ್ಲಮ್ಮ?"

"ಎಲ್ಲಿಟ್ಟೆನೋ ಏನೋ. ಸಿಗ್ತಾ ಇಲ್ಲ ಕಣೋ."

"ಮೂರು ಹೊತ್ತೂ ಅದನ್ನ ಹಿಡ್ಕೊಂಡೇ ಕೂತಿರ್ತೀಯ, ಈಗ ಸಿಗ್ತಾ ಇಲ್ವಾ?"

ಕೆನ್ನೆಗೆ ಬಿತ್ತು ಏಟು. ಮುದುಕಿಯ ಕನ್ನಡಕ ಹಾರಿ ಗೋಡೆಗೆ ಬಡಿಯಿತು. ಆದರೂ ಬಾಯಿ ಬಿಡಲಿಲ್ಲ. ಗಂಡ ಬೈಯುತ್ತ ಗೆಳೆಯನ ಮನೆಗೆ ಹೊರಟುಹೋದ. ಮರುದಿನ ಹಿಟ್ಟಿನ ಡಬ್ಬಿಯಲ್ಲಿ ರಿಮೋಟ್ ಸಿಕ್ಕಾಗ ಸೊಸೆಗೆ ನಗುವೇ ಬಂತು. ಸೀರಿಯಲ್ ಹುಚ್ಚು ಈ ಮಟ್ಟಕ್ಕಾ! ನನಗೆ ಬಿದ್ದಾಗಲೆಲ್ಲ ಕಲ್ಲಿನ ಹಾಗೆ ಕೂತಿದ್ದೆಯಲ್ಲ, ನಿನಗೂ ರುಚಿ ಗೊತ್ತಾಗಲಿ. ಸುಳ್ಳೇಕೆ, ಅವಳಿಗೆ ಒಳಗೊಳಗೇ ಹಾಯೆನಿಸಿತು.

ಬುಧವಾರ ಬೆಳಿಗ್ಗೆ ಗಂಡ ಹೊರಟ ಮೇಲೆ ಶಾಲೆಯ ಚೀಲದೊಳಗೆ ಎರಡು ಜೊತೆ ಬಟ್ಟೆ ತುರುಕಿ ಪುಟ್ಟಿಯ ಕೈ ಹಿಡಿದಳು.

"ಪುಟ್ಟಿಗೆ ಸ್ವೆಟರ್ ಹಾಕು," ಅಂದಳು ಅತ್ತೆ. "ಬಸ್ಸಲ್ಲಿ ಗಾಳಿ ಬಡಿಯುತ್ತೆ."

ಶಾಲೆ ಇದ್ದದ್ದು ಎರಡು ಬೀದಿಯಾಚೆ. ಪುಟ್ಟಿ ದಿನವೂ ಹೋಗುತ್ತಿದ್ದುದು ನಡೆದೇ.

ಮುದುಕಿ ಮಗನಿಗೆ ಒಂದು ಫೋನ್ ಮಾಡಿದರೆ ಕಥೆ ಮುಗಿಯಿತು. ಮೇಜಿನ ಮೇಲಿದ್ದ ಅತ್ತೆಯ ಫೋನನ್ನು ಬಾಚಿ ಚೀಲಕ್ಕೆ ಹಾಕಿಕೊಂಡಳು. ಮುದುಕಿ ನೋಡಿದಳು, ಆದರೆ ತಡೆಯಲಿಲ್ಲ. ಹೊರಗಿನಿಂದ ಬಾಗಿಲಿನ ಚಿಲಕ ಹಾಕಿ, ಮಗುವನ್ನು ಎಳೆದುಕೊಂಡು ಓಡಿದಳು.

ಹೊಸ ಊರಿಗೆ ಬಂದವಳು ಮೊದಲು ಹೋದದ್ದು ಪೊಲೀಸ್ ಠಾಣೆಗೆ. ದೂರಿನಲ್ಲಿ ಮೊದಲು ಬರೆಸಿದ್ದು ಅತ್ತೆಯ ಹೆಸರು, ಆಮೇಲೆ ಗಂಡನದು. ಹೊಡೆಯುವವನಿಗಿಂತ ಕಾವಲು ಕೂತು ನೋಡುವವರೇ ಹೆಚ್ಚು ಪಾಪಿಗಳು ಎಂದು ಅವಳಿಗೆ ಖಂಡಿತವಾಗಿ ಅನಿಸಿತ್ತು.

ಮೂರನೆಯ ದಿನ ಮಧ್ಯಾಹ್ನ ಪೇದೆಯ ಫೋನ್ ಬಂತು. "ಇಬ್ಬರನ್ನೂ ಕರ್ಕೊಂಡು ಬಂದಿದೀವಮ್ಮ. ನಿಮ್ಮತ್ತೆ ಮುಖವೆಲ್ಲ ಊದಿದೆ, ಕೇಳಿದ್ರೆ ಬಿದ್ದೆ ಅಂತಾರೆ. ಇನ್ನೇನು ಕೇಳಿದ್ರೂ ಬಾಯಿ ಬಿಡ್ತಿಲ್ಲ. ಕೈಯಲ್ಲಿ ಒಂದು ಟಿವಿ ರಿಮೋಟ್ ಇದೆ, ಯಾರು ಕೇಳಿದ್ರೂ ಕೊಡ್ತಿಲ್ಲ."

"ಅಲ್ಲೂ ಒಂದು ಸೀರಿಯಲ್ ಹಾಕಿಕೊಡಿ," ಎಂದು ಫೋನ್ ಇಟ್ಟಳು.

ಪುಟ್ಟಿ ಕಾರ್ಟೂನ್ ಬೇಕೆಂದು ಹಟ ಹಿಡಿದಿದ್ದಳು. ಬಾಡಿಗೆ ಕೋಣೆಯಲ್ಲೂ ಒಂದು ಟಿವಿ ಇತ್ತು. ಅದು ಮೇಲ್ ಕೇಳಿತು, ಪಾಸ್‌ವರ್ಡ್ ಕೇಳಿತು. ಸೊಸೆ ಅಭ್ಯಾಸಬಲದಿಂದ ಕೈ ಅಡ್ಡ ಹಿಡಿದು ಒತ್ತಿದಳು. ಕಾರ್ಟೂನ್ ಮುಗಿಯಿತು. ಅವಳು ಬಟ್ಟೆ ಮಡಿಸುತ್ತಿದ್ದಳು. ಟಿವಿ ಸ್ವಲ್ಪ ಹೊತ್ತು ಸುಮ್ಮನಿತ್ತು.

ಆಮೇಲೆ ಪರದೆಯ ಮೇಲೆ ಹುಟ್ಟುಹಬ್ಬದ ಕೇಕ್ ಬಂತು. ಅದರ ಹಿಂದೆಯೇ ಜನನ ಪ್ರಮಾಣಪತ್ರ. ಗೋಡೆಯಗಲ ಒಂದು ತೋಳು, ಅದರ ಮೇಲೆ ನೀಲಿ ಬಾಸುಂಡೆ. ಬಸ್ಸಿನ ವೇಳಾಪಟ್ಟಿ, ಬುಧವಾರದ ಸಾಲಿನ ಸುತ್ತ ಅವಳೇ ಎಳೆದ ಕೆಂಪು ಗೆರೆ. ಕೊನೆಗೆ ಇದೇ ಕೋಣೆಯ ಬಾಗಿಲು, ನಂಬರಿನ ಸಮೇತ.

"ಅಜ್ಜಿ ಟಿವೀಲೂ ಇದೇ ಬರ್ತಿತ್ತಮ್ಮ," ಅಂದಳು ಪುಟ್ಟಿ. "ಅಪ್ಪ ಬರೋಷ್ಟರಲ್ಲಿ ಅಜ್ಜಿ ಆಫ್ ಮಾಡ್ಬಿಡೋರು, ಯಾರಿಗೂ ಹೇಳ್ಬೇಡ ಅಂತ ನನ್ ಹತ್ರ ಆಣೆ ಹಾಕಿಸ್ಕೊಂಡಿದ್ರು."