ಬಾರದ ನೀರಿನ ಗೆರೆ

ಎಂಜಿನಿಯರ್ ಬೊಗ್ನಾ ಗಣಿಗಾರರನ್ನು ಕಾಯುವ ಸಂತ ಬಾರ್ಬರಾಳ ವಿಗ್ರಹವನ್ನು ಗೂಡಿನಿಂದ ಎತ್ತಿಕೊಂಡಾಗ ಪಂಪ್‌ಹೌಸಿನಲ್ಲಿದ್ದವರೆಲ್ಲ ಕೈಕೆಲಸ ಬಿಟ್ಟು ನಿಂತರು. ಸಿಲೇಸಿಯಾದ ಈ ಕಲ್ಲಿದ್ದಲು ಗಣಿಯಲ್ಲಿ ಹಿಂದೆ ನೆರೆ ಎಲ್ಲಿಯವರೆಗೆ ಏರಿತ್ತೋ ಅದಕ್ಕಿಂತ ಒಂದು ಗೇಣು ಮೇಲೆ ಆಕೆಯನ್ನು ಕೂರಿಸುವುದು ಪದ್ಧತಿ. ಪಂಪುಗಳ ಹೊಸ ಸ್ವಿಚ್‌ಬೋರ್ಡನ್ನೂ ಇವತ್ತು ಆಕೆಯ ಪಕ್ಕದಲ್ಲೇ ಬಿಗಿಯಲು ಹೊರಟಿದ್ದರು.

"ಇದ್ದಲ್ಲೇ ಇಡಮ್ಮ," ಎಂದ ಮೇಸ್ತ್ರಿ ಝಿಗ್‌ಫ್ರಿಡ್. "ನಮ್ಮಜ್ಜನ ಕಾಲದಿಂದ ನೀರು ಆಕೆಯ ಪಾದ ಮುಟ್ಟಿಲ್ಲ."

"ಅಜ್ಜನ ಕಾಲದಷ್ಟೇ ಮಳೆ ಈಗ ಬೀಳುತ್ತಾ, ಮೇಸ್ತ್ರಿಗಳೇ? ಮುಂದೆ ಬರೋ ಜೋರು ಮಳೆಗೆ ನೀರು ಇಲ್ಲಿಗೇರುತ್ತೆ." ಗೋಡೆಯ ಮೇಲೆ, ತಲೆಗಿಂತ ಎತ್ತರದಲ್ಲಿ ತಾನೇ ಎಳೆಸಿದ್ದ ಸುಣ್ಣದ ಗೆರೆಯನ್ನು ಬೊಗ್ನಾ ತೋರಿಸಿದಳು. "ಬೋರ್ಡು ಮುಳುಗಿದರೆ ಪಂಪು ನಿಲ್ಲುತ್ತೆ. ಕೆಳಗಡೆ ಸುರಂಗದಲ್ಲಿ ನಿಮ್ಮ ಅಳಿಯ ಇದ್ದಾನೆ."

"ಬಾರದ ನೀರಿಗೆ ಹೆದರಿ ಬಾರ್ಬರಾ ಅಟ್ಟ ಹತ್ತಬೇಕಾ?" ಹಿಂದಿನಿಂದ ಯಾರೋ ಕಿಚಾಯಿಸಿದರು. ಬೊಗ್ನಾ ನಗಲಿಲ್ಲ, ವಿಗ್ರಹವನ್ನು ಕೆಳಗಿಡಲೂ ಇಲ್ಲ.

ಝಿಗ್‌ಫ್ರಿಡ್ ಹೆಲ್ಮೆಟ್ ತೆಗೆದಿಟ್ಟ. ವಿಗ್ರಹವನ್ನು ಅವಳ ಕೈಯಿಂದ ತೆಗೆದುಕೊಂಡು ಏಣಿ ಹತ್ತಿದ. ಸುಣ್ಣದ ಗೆರೆಯಿಂದ ಮೇಲಕ್ಕೆ ಬೆರಳು ಅಗಲಿಸಿ ಒಂದು ಗೇಣು ಅಳೆದ.

"ಗೆರೆಗೇ ತಾಗಿಸಿ ಕೂರಿಸಿದರೆ ಆಕೆಯ ಕಾಲು ನೆನೆಯುತ್ತೆ, ಎಂಜಿನಿಯರಮ್ಮ," ಎಂದು ಕೆಳಗೆ ನಿಂತವರತ್ತ ತಿರುಗಿದ. "ಏನ್ ನೋಡ್ತೀರೋ? ಡ್ರಿಲ್ ಕೊಡಿ. ಬೋರ್ಡೂ ಇಲ್ಲಿಗೇ ಬರಲಿ."