ಎರಡು ಗೀಟಿನ ಹಕ್ಕಿ

ಅಚ್ಚಾಗಿ ಒಣಗಿದ ಸೀರೆಗಳನ್ನು ನಾನು ಮೂಲೆಯಲ್ಲಿ ಕೂತು ಮಡಚುತ್ತಿದ್ದೆ. ನಮ್ಮ ಸೀರೆ ಅಚ್ಚಿನ ಕಾರ್ಖಾನೆಯ ಯಜಮಾನರು ದೊಡ್ಡ ಅಂಗಡಿಯ ಮೇಡಂಗೆ ಸೆರಗಿನ ಹೊಸ ಡಿಸೈನ್ ತೋರಿಸುತ್ತಿದ್ದರು. ಹಾಳೆಯ ತುಂಬ ಜಲವರ್ಣದ ಹಾಗಲ ಬಳ್ಳಿ, ಬಳ್ಳಿಯ ತುದಿಯಲ್ಲಿ ಒಂದು ಹಕ್ಕಿ.

ಮೇಡಂ ಕನ್ನಡಕ ಹಾಕಿಕೊಂಡು ಬಗ್ಗಿದರು. “ಹಕ್ಕಿ ಅಂದ್ರೆ ಬರೀ ಎರಡು ಗೀಟು. ಕಣ್ಣಿಲ್ಲ, ಕಾಲಿಲ್ಲ. ಆದ್ರೂ ಈಗ್ಲೇ ಹಾರಿಬಿಡತ್ತೆ ಅನ್ಸತ್ತೆ. ಯಾರ್ರೀ ಬರೆದಿದ್ದು? ಮುಂದಿನ ವರ್ಷದ ಸೀರೆಗೆಲ್ಲ ಅವರ ಕೈಲೇ ಬರೆಸ್ತೀನಿ. ಅವರ ಹೆಸರೂ ಹಾಕಿಸ್ತೀನಿ.”

“ನಾನೇ ಮೇಡಂ,” ಎಂದರು ಯಜಮಾನರು.

ನಾನು ಎದ್ದು ಬಂದೆ. “ಅದು ನಾನು ಬರೆದಿದ್ದು.”

ಯಜಮಾನರು ನಕ್ಕರು. “ಏಳನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋಳು ಮೇಡಂ. ಬಾಯೇ ಬಿಡದೋಳು, ನಿಮ್ಮನ್ನ ನೋಡಿ ಇವತ್ತು ಚಿತ್ರಗಾರ್ತಿ ಆಗ್ಬಿಟ್ಳು. ಹೋಗಮ್ಮ, ಸೀರೆ ಮಡಚು.”

ಮೇಡಂ ಕೂಡ ಮಗುವನ್ನು ಕಂಡಂತೆ ನನ್ನನ್ನು ನೋಡಿ ನಕ್ಕರು.

ಅವರಿಗೆಂದು ತಂದಿಟ್ಟ ನೀರು ಮೇಜಿನ ಮೇಲಿತ್ತು. ಲೋಟ ಎತ್ತಿ ಚಿತ್ರದ ಮೇಲೆ ಸುರಿದು ಅಂಗೈಯಿಂದ ಉಜ್ಜಿದೆ. ಹಸಿರು ಹಳದಿಯೊಳಕ್ಕೆ ಹರಿಯಿತು. ಹನ್ನೊಂದು ಹಾಳೆ ಕೆಡಿಸಿದ ಮೇಲೆ ನನ್ನ ಕೈಗೆ ಬಂದಿದ್ದ ಹಕ್ಕಿ ಕೆಸರಾಯಿತು.

ಇಬ್ಬರೂ ದಿಗ್ಗನೆ ಎದ್ದು ನಿಂತರು. ನಾನು ಹೊಸ ಹಾಳೆಯೊಂದನ್ನು ಯಜಮಾನರ ಮುಂದಿಟ್ಟು ಕುಂಚ ಚಾಚಿದೆ.

“ಅದನ್ನೇ ಇನ್ನೊಂದ್ಸಲ ಬರೀರಿ, ಸಾರ್.”

ಅವರ ಕೈ ಮುಂದೆ ಬರಲಿಲ್ಲ. ಮೇಡಂ ಈಗ ಅವರ ಮುಖವನ್ನೇ ನೋಡುತ್ತಿದ್ದರು.

“ಪೂರ್ತಿ ಬೇಡ ಸಾರ್. ಹಕ್ಕಿಯೊಂದು ಬರೀರಿ, ಸಾಕು.”